ಗೇಮಿನೊಳಗಿನ ಕಥೆ ಯಾರದ್ದು?

2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ತೆರೆಗೆ ಬಂದ ಮೇಲೆ ಕುಂದಾಪುರ ತಾಲ್ಲೂಕಿನ ಕೆರಾಡಿಗೆ ದಾರಿ ಕೇಳುವವರು ಹೆಚ್ಚಾದರು. ರಿಷಬ್ ಶೆಟ್ಟಿಯವರ ಹುಟ್ಟೂರು, ಚಿತ್ರೀಕರಣ ನಡೆದ ಊರು ಎಂದು ಹೆಸರು ದೇಶದಾದ್ಯಂತ ಓಡಾಡಿತು. ಕಾಡಂಚಿನ ಒಂದು ಹಳ್ಳಿಯ ದೈವ, ಭೂಮಿ, ಕಂಬಳ, ಅರಣ್ಯ ಇಲಾಖೆಯ ಜಗಳ ಇವೆಲ್ಲ ಕನ್ನಡ ಬಾರದವರಿಗೂ ತಲುಪುವ ಕಥೆಯಾಗಬಲ್ಲದು ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಹಾಗಾದರೆ ಇದೇ ನೆಲದಿಂದ ಒಂದು ವಿಡಿಯೊ ಗೇಮ್ ಹುಟ್ಟಬಹುದೇ?

ಹಬ್ಬಕ್ಕೋ ಜಾತ್ರೆಗೋ ಬೆಂಗಳೂರು, ಮುಂಬೈಗಳಿಂದ ಊರಿಗೆ ಬಂದ ಗೆಳೆಯರ ನಡುವೆ ಈ ಮಾತು ಎತ್ತಿ ನೋಡಿ. ಉತ್ತರಗಳು ಸಾಮಾನ್ಯವಾಗಿ ಮೂರು ದಿಕ್ಕಿಗೆ ಹೋಗುತ್ತವೆ. “ಗ್ರಾಫಿಕ್ಸ್ ಲಾಯ್ಕ್ ಇದ್ರೆ ಸಾಕ್” ಎನ್ನುವವನೊಬ್ಬ. “ಸ್ಟೋರಿ ಇಲ್ದಿದ್ರೆ ಎಂತಕ್ ಆಡೂದ್?” ಎನ್ನುವವನು ಇನ್ನೊಬ್ಬ. “ಸ್ಟೋರಿ ಬೇಕಂದ್ರೆ ಪಿಚ್ಚರ್ ಕಾಣ್ ಮಾರಾಯ, ಗೇಮಿಗೆ ಗೇಮ್‌ಪ್ಲೇ ಮುಖ್ಯ” ಎಂದು ಮೂರನೆಯವನು ಇಬ್ಬರ ಬಾಯನ್ನೂ ಮುಚ್ಚಿಸುತ್ತಾನೆ. ಹರಟೆಯಂತೆ ಕಾಣುವ ಈ ವಾದವನ್ನು ವಿಶ್ವವಿದ್ಯಾಲಯಗಳಲ್ಲಿ ಪಂಡಿತರು ಮೂವತ್ತು ವರ್ಷಗಳಿಂದ ಮಾಡುತ್ತಲೇ ಬಂದಿದ್ದಾರೆ.

ಕಥೆಯೋ, ಆಟವೋ

1997ರಲ್ಲಿ ಎರಡು ಪುಸ್ತಕಗಳು ಬಂದವು. ಅಮೆರಿಕದ ಜಾನೆಟ್ ಮರ್ರೆ, ಕಂಪ್ಯೂಟರ್ ಎಂಬುದು ಕಾದಂಬರಿ ಮತ್ತು ನಾಟಕಗಳ ನಂತರದ ಹೊಸ ಕಥಾಮಾಧ್ಯಮ ಎಂದು ವಾದಿಸಿದರು. ಮೇಲಿನಿಂದ ಇಟ್ಟಿಗೆ ಬೀಳುವ ‘ಟೆಟ್ರಿಸ್’ನಲ್ಲಿ ಕೂಡ ಅವರಿಗೆ ಬಿಡುವಿಲ್ಲದೆ ಕೆಲಸ ಮಾಡುವ ಅಮೆರಿಕನ್ನರ ಬದುಕು ಕಂಡಿತು. ಅದೇ ವರ್ಷ ನಾರ್ವೆಯ ಎಸ್ಪೆನ್ ಆರ್ಸೆತ್, ಓದುಗ ತಾನೇ ದುಡಿದು ದಾರಿ ಮಾಡಿಕೊಳ್ಳಬೇಕಾದ ಪಠ್ಯಗಳನ್ನು ಬೇರೆಯದೇ ಅಳತೆಗೋಲಿನಿಂದ ನೋಡಬೇಕು ಎಂದರು. ಅವರ ಬಳಗದವರು ಮುಂದೆ ಇನ್ನೂ ಖಾರವಾದರು. ಫಿನ್ಲೆಂಡಿನ ಮಾರ್ಕು ಎಸ್ಕೆಲಿನೆನ್ ಕೇಳಿದ್ದರ ತಾತ್ಪರ್ಯ ಇಷ್ಟು: ನಿಮ್ಮತ್ತ ಚೆಂಡು ಎಸೆದರೆ ಹಿಡಿಯುತ್ತೀರೋ, ಅದು ಕಥೆ ಹೇಳಲಿ ಎಂದು ಕಾಯುತ್ತೀರೋ?

ಈ ಜಗಳ ಬೇರೆ ದಿಕ್ಕಿಗೆ ಹೊರಳಿದ್ದು ಗೇಮ್ ತಯಾರಿಸುವವರೇ ಮಾತಾಡಲು ಶುರುಮಾಡಿದ ಮೇಲೆ. 2004ರಲ್ಲಿ ರಾಬಿನ್ ಹ್ಯುನಿಕೆ, ಮಾರ್ಕ್ ಲೆಬ್ಲಾಂಕ್, ರಾಬರ್ಟ್ ಜುಬೆಕ್ ಸರಳವಾದ ಒಂದು ಸೂತ್ರ ಕೊಟ್ಟರು. ವಿನ್ಯಾಸಕಾರ ಬರೆಯುವುದು ನಿಯಮಗಳನ್ನು. ಆ ನಿಯಮಗಳು ಆಡುವಾಗ ಒಂದು ಚಲನೆಯನ್ನು ಹುಟ್ಟಿಸುತ್ತವೆ. ಆ ಚಲನೆಯಿಂದ ಆಟಗಾರನಲ್ಲಿ ಭಾವ ಮೂಡುತ್ತದೆ. ವಿನ್ಯಾಸಕಾರ ನಿಯಮದ ತುದಿಯಲ್ಲಿ ನಿಂತಿದ್ದರೆ ಆಟಗಾರ ಭಾವದ ತುದಿಯಲ್ಲಿ ನಿಂತಿರುತ್ತಾನೆ. 2007ರಲ್ಲಿ ವಿನ್ಯಾಸಕಾರ ಕ್ಲಿಂಟ್ ಹಾಕಿಂಗ್ ‘ಬಯೋಶಾಕ್’ ಗೇಮನ್ನು ವಿಮರ್ಶಿಸುತ್ತ ಇನ್ನೊಂದು ತೊಡಕನ್ನು ಎತ್ತಿ ತೋರಿಸಿದರು: ಕಥೆ ಒಂದು ಮೌಲ್ಯವನ್ನು ಹೇಳುತ್ತಿರುವಾಗ ಆಟದ ನಿಯಮ ಅದರ ತದ್ವಿರುದ್ಧವಾದುದಕ್ಕೆ ಬಹುಮಾನ ಕೊಡುತ್ತಿದ್ದರೆ, ಆಟಗಾರ ಎರಡನ್ನೂ ನಂಬಲಾರ. ದೃಶ್ಯದಲ್ಲಿ ಕಣ್ಣೀರು ಹಾಕುವ ನಾಯಕ ಮರುನಿಮಿಷದಲ್ಲಿ ನೂರು ಜನರನ್ನು ಸುಟ್ಟು ಹಾಕಿದರೆ ನಮ್ಮ ಹುಡುಗರು “ಎಂತ ಲಾಜಿಕ್ಕಾ ಇದ್?” ಎಂದು ನಗುವುದೂ ಇದೇ ಕಾರಣಕ್ಕೆ.

ಬೆರಳಿನ ತುದಿಯಲ್ಲಿ ದುಃಖ

ನಿಯಮವೇ ಕಥೆಯಾಗುವುದೆಂದರೇನು ಎಂಬುದಕ್ಕೆ 2013ರ ‘ಬ್ರದರ್ಸ್: ಎ ಟೇಲ್ ಆಫ್ ಟು ಸನ್ಸ್’ ಒಳ್ಳೆಯ ಉದಾಹರಣೆ. ಕಾಯಿಲೆ ಬಿದ್ದ ತಂದೆಗೆ ಮದ್ದು ತರಲು ಹೊರಟ ಅಣ್ಣ–ತಮ್ಮಂದಿರ ಕಥೆ ಅದು. ಕಂಟ್ರೋಲರಿನ ಎಡಭಾಗ ಅಣ್ಣನದು, ಬಲಭಾಗ ತಮ್ಮನದು. ಒಬ್ಬನೇ ಆಟಗಾರ ಎರಡು ಕೈಯಿಂದ ಇಬ್ಬರನ್ನೂ ನಡೆಸಬೇಕು. ತಾಯಿ ನೀರಿನಲ್ಲಿ ಮುಳುಗಿ ಸತ್ತದ್ದನ್ನು ಕಂಡ ತಮ್ಮನಿಗೆ ಈಜಲು ಭಯ, ಹೊಳೆ ಬಂದಾಗಲೆಲ್ಲ ಅಣ್ಣನ ಬೆನ್ನು ಹಿಡಿಯುತ್ತಾನೆ. ಕಥೆಯ ಕೊನೆಯ ಹೊತ್ತಿಗೆ ಅಣ್ಣ ಸತ್ತಿರುತ್ತಾನೆ. ತಮ್ಮ ಒಬ್ಬನೇ ನೀರಿನ ಮುಂದೆ ನಿಲ್ಲುತ್ತಾನೆ. ಅವನ ಬಟನ್ ಎಷ್ಟು ಒತ್ತಿದರೂ ಅವನು ಮುಂದೆ ಹೋಗುವುದಿಲ್ಲ. ಆಗ ಆಟಗಾರನ ಕೈ ತಾನಾಗಿ, ಬಹಳ ಹೊತ್ತಿನಿಂದ ಸುಮ್ಮನಿದ್ದ ಅಣ್ಣನ ಬಟನ್ನಿಗೆ ಹೋಗುತ್ತದೆ, ತಮ್ಮ ಈಜುತ್ತಾನೆ. ಸಂಭಾಷಣೆ ಇಲ್ಲ, ವಿವರಣೆ ಇಲ್ಲ. ಸತ್ತ ಅಣ್ಣ ತಮ್ಮನೊಳಗೆ ಉಳಿದಿದ್ದಾನೆ ಎಂಬ ಮಾತನ್ನು ಆ ಗೇಮ್ ಆಟಗಾರನ ಬೆರಳಿಗೆ ಹೇಳಿತು. ಸಿನಿಮಾದಲ್ಲಾಗಲಿ ಕಾದಂಬರಿಯಲ್ಲಾಗಲಿ ಇದನ್ನು ಹೀಗೆ ಹೇಳಲು ಬರುವುದಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಅಡುಗೆಮನೆಗೆ ಹತ್ತಿರ. ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ತಂದ ‘ವೆಂಬಾ’ ಕೆನಡಾಕ್ಕೆ ಹೋದ ತಮಿಳು ಕುಟುಂಬವೊಂದರ ಕಥೆ. ತಾಯಿಯಿಂದ ಬಂದ ಅಡುಗೆ ಪುಸ್ತಕ ಹರಿದು, ಮಸುಕಾಗಿ ಹೋಗಿದೆ. ಅಳಿಸಿಹೋದ ಭಾಗವನ್ನು ಊಹಿಸುತ್ತ ಆಟಗಾರ ಅಡುಗೆ ಮಾಡಬೇಕು. ಮೊದಲ ತಿಂಡಿ ಇಡ್ಲಿ. ತಟ್ಟೆಗಳನ್ನು ಹೇಗೆಂದರೆ ಹಾಗೆ ಪೇರಿಸಿದರೆ ಆವಿ ಮೇಲೇರದು. ಒಂದರ ಗುಳಿ ಇನ್ನೊಂದರ ತೂತಿಗೆ ಅಡ್ಡ ಬಾರದಂತೆ ಜೋಡಿಸಬೇಕು. ಕುಂದಾಪುರದ ಯಾವ ಅಬ್ಬಿಗೂ, ಅಂದರೆ ಅಮ್ಮನಿಗೂ, ಇದನ್ನು ಹೇಳಿಕೊಡಬೇಕಿಲ್ಲ. ಆದರೆ ತಾಯಿಯ ಭಾಷೆ ಮಗನಿಗೆ ಪೂರ್ತಿ ದಾಟುತ್ತಿಲ್ಲ ಎಂಬ ಸಂಕಟವನ್ನು ಇಡ್ಲಿ ತಟ್ಟೆಯ ಒಗಟಿನೊಳಗೆ ಇಟ್ಟದ್ದು ವಿನ್ಯಾಸದ ಜಾಣ್ಮೆ. 2024ರಲ್ಲಿ ಅದಕ್ಕೆ ಚೊಚ್ಚಲ ಗೇಮಿನ ಬಾಫ್ಟಾ ಪ್ರಶಸ್ತಿ ಬಂತು. ಬಂದೂಕಿಲ್ಲ, ಕೋಟ್ಯಂತರ ರೂಪಾಯಿಯ ಗ್ರಾಫಿಕ್ಸ್ ಇಲ್ಲ. ಗೆಳೆಯರ ವಾದದಲ್ಲಿ ಮೊದಲನೆಯವನಿಗೆ ಇದೊಂದೇ ಉತ್ತರ ಸಾಕು.

ತಾಳಮದ್ದಳೆ ಕಲಿಸುವ ಪಾಠ

ಆಟಗಾರರು ಗೇಮಿನ ಕಥೆಯ ಮೇಲೆ ಹೊರಿಸುವ ದೊಡ್ಡ ಆಪಾದನೆ: “ಏನು ಆರಿಸಿದರೂ ಕೊನೆ ಒಂದೇ.” 2012ರಲ್ಲಿ ‘ಮಾಸ್ ಎಫೆಕ್ಟ್ 3’ರ ಮುಕ್ತಾಯ ನೋಡಿ ಅಭಿಮಾನಿಗಳು ಸಿಟ್ಟಾದರು. ಮೂರು ಭಾಗಗಳ ಉದ್ದಕ್ಕೂ ತಾವು ತೆಗೆದುಕೊಂಡ ನಿರ್ಧಾರಗಳಿಗೆ ಬೆಲೆಯೇ ಸಿಗಲಿಲ್ಲ ಎಂಬುದು ಅವರ ದೂರು. ಕೆಲವೇ ತಿಂಗಳಲ್ಲಿ ಕಂಪನಿ ಮುಕ್ತಾಯವನ್ನು ಹಿಗ್ಗಿಸಿ ಮತ್ತೆ ಬಿಡುಗಡೆ ಮಾಡಬೇಕಾಯಿತು.

ಕರಾವಳಿಯವರಿಗೆ ಈ ದೂರು ಸ್ವಲ್ಪ ವಿಚಿತ್ರವಾಗಿ ಕೇಳಬೇಕು. ‘ವಾಲಿವಧೆ’ಯ ತಾಳಮದ್ದಳೆಗೆ ಕೂತವರೆಲ್ಲರಿಗೂ ರಾಮನ ಬಾಣ ತಾಗುತ್ತದೆಂದು ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ಊರೂರು ದಾಟಿ ಹೋಗುತ್ತಿದ್ದರು. ಕಾರಣ ಕೊನೆಯಲ್ಲಿರಲಿಲ್ಲ. ಬಿದ್ದ ವಾಲಿ ರಾಮನನ್ನು ಇವತ್ತು ಯಾವ ಪ್ರಶ್ನೆಯಿಂದ ಕಟ್ಟಿಹಾಕುತ್ತಾನೆ, ಎದುರಿನ ಅರ್ಥಧಾರಿ ಅದಕ್ಕೆ ಆ ಕ್ಷಣ ಏನು ಹೇಳುತ್ತಾನೆ, ಕುತೂಹಲವೆಲ್ಲ ಅಲ್ಲಿ. ಇಲ್ಲಿನ ವಿನ್ಯಾಸ ಗಮನಿಸಿ. ಭಾಗವತರ ಪದ್ಯ ಖಚಿತ, ಅದನ್ನು ಯಾರೂ ಬದಲಿಸುವಂತಿಲ್ಲ. ಎರಡು ಪದ್ಯಗಳ ನಡುವಿನ ಬಯಲು ಮಾತ್ರ ಅರ್ಥಧಾರಿಯದು. ಎಷ್ಟು ದೂರ ಹೋದರೂ ಮುಂದಿನ ಪದ್ಯಕ್ಕೆ ಬಂದು ನಿಲ್ಲಲೇಬೇಕು. ಎದುರಾಳಿ ಕೇಳಿದ್ದಕ್ಕೆ ಉತ್ತರ ಕೊಡದೆ ದಾಟುವಂತಿಲ್ಲ. ಇವು ನಿಯಮಗಳು, ಇವುಗಳಿಂದ ರಾತ್ರಿಗೊಂದು ಹೊಸ ಕಥೆ ಹುಟ್ಟುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದಾಗ ಮೇಜಿನ ಸುತ್ತ ಕೂತ ಗೆಳೆಯರಿಗೆ ಸಿಕ್ಕಿದ್ದೂ ಇಂಥದೇ ಏರ್ಪಾಡು: ಸೂತ್ರ ಹಿಡಿದವನೊಬ್ಬ, ಪಾತ್ರವಾಗಿ ಮಾತಾಡುವವರು ಉಳಿದವರು. ಇಂದಿನ ರೋಲ್‌ಪ್ಲೇಯಿಂಗ್ ಗೇಮುಗಳೆಲ್ಲ ಆ ಮೇಜಿನ ಸಂತಾನ.

ಹೀಗೆ ನೋಡಿದರೆ ‘ಮಾಸ್ ಎಫೆಕ್ಟ್’ನ ತಪ್ಪು ಕೊನೆ ಒಂದೇ ಆದದ್ದಲ್ಲ. ಕೊನೆ ನಿಮ್ಮ ಕೈಯಲ್ಲಿದೆ ಎಂದು ಮಾತು ಕೊಟ್ಟದ್ದು ತಪ್ಪು. ತಾಳಮದ್ದಳೆ ಆ ಮಾತು ಕೊಡುವುದಿಲ್ಲ, ವಾದಿಸುವ ಅವಕಾಶವನ್ನಷ್ಟೇ ಕೊಡುತ್ತದೆ. ಹಾಗಾಗಿ ವಾಲಿ ಸತ್ತನೆಂದು ಯಾರೂ ಎದ್ದು ಜಗಳ ಮಾಡುವುದಿಲ್ಲ.

ಕಥೆ ಆಟಕ್ಕೆ ನಿಯಮ ಬರೆದುಕೊಟ್ಟ ಉದಾಹರಣೆಯೂ ನಮ್ಮ ಸೀಮೆಯಲ್ಲಿದೆ. ಮಳೆಗಾಲದಲ್ಲಿ ಹೊರಬರುವ ಚೆನ್ನೆಮಣೆಗೆ ಎರಡು ಸಾಲಿನಲ್ಲಿ ಏಳೇಳು ಗುಳಿ. ಬೀಜ ಹಂಚುತ್ತ ಹೋಗುವ ಶುದ್ಧ ಲೆಕ್ಕದ ಆಟ, ಕಥೆಯ ಸೋಂಕಿಲ್ಲ. ಆದರೆ ತುಳುವಿನ ಸಿರಿ ಪಾಡ್ದನದಲ್ಲಿ ಅಬ್ಬಗ–ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು, ಮಣೆಯ ಏಟಿಗೆ ಒಬ್ಬಳು ಸತ್ತು, ಇನ್ನೊಬ್ಬಳು ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂಬ ನಂಬಿಕೆ ಆ ಕಥೆಯ ಬೆನ್ನಿಗೆ ಬಂತು. ಮಣೆಯ ಮೇಲೆ ಬರೆಯದ ಈ ನಿಯಮವನ್ನು ಆಡುವ ಜನ ತಾವೇ ಸೇರಿಸಿದರು. ಆಟಗಾರರ ಸಂಸ್ಕೃತಿ ಎಂದು ನಾವು ಇಂದು ಕರೆಯುವುದರ ಹಳೆಯ ರೂಪ ಇದು.

ಕೆರಾಡಿಯ ಪ್ರಶ್ನೆ ತೀರಾ ಇಕ್ಕಟ್ಟಿನದಾಗುವುದು ಇಲ್ಲೇ. ‘ಕಾಂತಾರ’ದಂಥ ಕಥೆ ಗೇಮ್ ಆದರೆ, ದೈವ ಮೈಮೇಲೆ ಬರುವಾಗ ಬಟನ್ ಯಾರ ಕೈಯಲ್ಲಿರಬೇಕು? ಸುಲಭದ ದಾರಿ ಎಲ್ಲರಿಗೂ ಹೊಳೆಯುತ್ತದೆ: ಒಂದು ಮೀಟರ್ ತುಂಬಿದೊಡನೆ ‘ಸ್ಪೆಷಲ್ ಪವರ್’, ಎದುರಿಗಿದ್ದವರೆಲ್ಲ ಚಿಂದಿ. ಹೀಗೆ ಮಾಡಿದರೆ ದೈವ ಒಂದು ಆಯುಧವಾಗುತ್ತದೆ, ಆಟಗಾರ ಅದರ ಯಜಮಾನನಾಗುತ್ತಾನೆ. ಕೋಲದಲ್ಲಿ ನಡೆಯುವುದು ಇದರ ತಲೆಕೆಳಗು. ಅಲ್ಲಿ ಮನುಷ್ಯ ತನ್ನ ಹಿಡಿತವನ್ನು ಬಿಟ್ಟುಕೊಡುತ್ತಾನೆ. ಊರಿನ ಯಜಮಾನನೂ ಕೈಮುಗಿದು ನುಡಿ ಕೇಳುತ್ತಾನೆ. ನಿಯಮ ಮತ್ತು ಕಥೆ ಒಂದೇ ಮಾತಾಡಬೇಕಿದ್ದರೆ ಆ ಹೊತ್ತಿಗೆ ಕಂಟ್ರೋಲರ್ ಆಟಗಾರನ ಮಾತು ಕೇಳಬಾರದು. ಅಷ್ಟು ಹೊತ್ತು ಎಲ್ಲವನ್ನೂ ನಡೆಸಿದವನು ಸುಮ್ಮನೆ ನಿಂತು ನೋಡಬೇಕು, ಕೇಳಿಸಿಕೊಂಡದ್ದಕ್ಕೆ ಆಮೇಲೆ ಉತ್ತರ ಕೊಡಬೇಕು. ದೈವಾರಾಧನೆಯನ್ನು ತೆರೆಗೆ ತರುವುದೇ ತಪ್ಪು ಎನ್ನುವವರ ತಕರಾರು ಬೇರೆ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ದೈವದ ವೇಷ ಕಟ್ಟಿ ಎಲ್ಲೆಂದರಲ್ಲಿ ಕುಣಿಯುವವರನ್ನು ಕಂಡು ಆ ಚಿತ್ರದ ತಂಡವೇ ಅನುಕರಣೆ ಬೇಡವೆಂದು ಮನವಿ ಮಾಡಬೇಕಾಯಿತು. ಗೇಮಿನಲ್ಲಿ ಅನುಕರಿಸುವುದೇ ಕೆಲಸವಾದ್ದರಿಂದ ಆ ಎಚ್ಚರ ಎರಡುಪಟ್ಟು ಬೇಕು.

ದುಡಿಮೆ ಇಲ್ಲಿಯದು, ಕಥೆ ಅಲ್ಲಿಯದು

ಕರ್ನಾಟಕಕ್ಕೆ ಗೇಮ್ ತಯಾರಿಕೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟ, ಗಂಜೀಫಾ ಎಲೆಯಾಟಗಳನ್ನು ತಾವೇ ರೂಪಿಸಿದವರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲು. ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ಒಗಟಿಗೆ ಅವರು ಕೊಟ್ಟ ಪರಿಹಾರಗಳು ಗಣಿತಜ್ಞರಿಗೆ ಇಂದಿಗೂ ಪರಿಚಿತ. ಡಿಜಿಟಲ್ ಕಾಲದಲ್ಲಿ 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಕಂಪನಿಗಳಲ್ಲೊಂದು. ‘ಫೋರ್ಜಾ’ ಸರಣಿಯಂಥ ದೊಡ್ಡ ಗೇಮುಗಳಿಗೆ ಅಲ್ಲಿನವರು ಚಿತ್ರಕೆಲಸ ಮಾಡಿಕೊಟ್ಟರು. ‘ಬ್ರದರ್ಸ್’ ತಯಾರಿಸಿದ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಮುಂದೆ ಧ್ರುವವನ್ನು ಕೊಂಡಿತು. 2019ರಲ್ಲಿ ಅದು ‘ಜಿಟಿಎ’ ಖ್ಯಾತಿಯ ರಾಕ್‌ಸ್ಟಾರ್ ಪಾಲಾಯಿತು. ರಾಜ್ಯ ಸರ್ಕಾರ 2012ರಲ್ಲೇ ಆನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದಿತು, 2024ರಲ್ಲಿ ಅದನ್ನು ಹೊಸದು ಮಾಡಿತು.

ಇಷ್ಟಾದರೂ ಹಂಚಿಕೆ ಹಳೆಯದೇ: ಕಾರು, ಗೋಡೆ, ಮರ ಬಿಡಿಸುವುದು ಬೆಂಗಳೂರು, ಯಾವ ಕಥೆ ಹೇಳಬೇಕೆಂದು ತೀರ್ಮಾನಿಸುವುದು ಬೇರೆಯವರು. ಪರಿಣಾಮ ಹೇಗಿರುತ್ತದೆ ಎಂಬುದನ್ನು 2017ರ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ಯಲ್ಲಿ ನೋಡಬಹುದು. ಅಮೆರಿಕದ ನಾಟಿ ಡಾಗ್ ಸಂಸ್ಥೆಯ ಈ ಗೇಮ್ ನಡೆಯುವುದು ಪಶ್ಚಿಮಘಟ್ಟದಲ್ಲಿ. ಹುಡುಕುವುದು ಹೊಯ್ಸಳರ ಕಾಲದ ಗಣೇಶನ ದಂತವನ್ನು. ಹಳೇಬೀಡು ಎಂಬ ಹೆಸರು ಕೇಳಿ ಪ್ಲೇಸ್ಟೇಷನ್ ಮುಂದೆ ಕೂತ ಕನ್ನಡಿಗ ಹಿಗ್ಗುತ್ತಾನೆ. ಹಿಗ್ಗು ಇಳಿದ ಮೇಲೆ ಒಂದು ಸಂಗತಿ ಕಾಣುತ್ತದೆ. ನಿಜವಾದ ಹೊಯ್ಸಳ ಶಿಲ್ಪ ಗೇಣಿನ ದೂರದಿಂದ ನೋಡಬೇಕಾದದ್ದು. ಬಳಪದ ಕಲ್ಲಿನಲ್ಲಿ ಬಳೆ, ಸರ, ಬೆರಳಿನ ಉಗುರನ್ನು ಬಿಡಿಸಿದ ಕುಸುರಿ ಅದು. ಗೇಮಿನಲ್ಲಿ ಇರುವುದು ಬೆಟ್ಟದೆತ್ತರದ ವಿಗ್ರಹಗಳು, ಜಲಪಾತಗಳು. ಆ ಸರಣಿಯ ಮೂಲ ಆಟ ಹತ್ತುವುದು ಮತ್ತು ಜಿಗಿಯುವುದು. ಹತ್ತಲು ದೊಡ್ಡ ಕಲ್ಲು ಬೇಕು. ಹಾಗಾಗಿ ಕುಸುರಿಯ ರಾಜ್ಯ ಬೃಹತ್ ಪ್ರತಿಮೆಗಳ ರಾಜ್ಯವಾಯಿತು. ದ್ವೇಷದಿಂದಲೋ ಅಸಡ್ಡೆಯಿಂದಲೋ ಆದದ್ದಲ್ಲ, ಆಟದ ನಿಯಮ ಇತಿಹಾಸವನ್ನು ತಿದ್ದಿತು ಅಷ್ಟೆ. ಹೊಯ್ಸಳರನ್ನು ಬಲ್ಲವರೇ ನಿಯಮ ಬರೆದಿದ್ದರೆ ಹತ್ತುವ ಬದಲು ಕಣ್ಣಿಟ್ಟು ಹುಡುಕುವ ಆಟ ಹುಟ್ಟಬಹುದಿತ್ತು.

ದೇಶದೊಳಗೆ ಬೇರೆ ಪ್ರಯತ್ನಗಳು ನಡೆದಿವೆ. ಪುಣೆಯ ನಾಡಿಂಗ್ ಹೆಡ್ಸ್ 2020ರಲ್ಲಿ ತಂದ ‘ರಾಜಿ’ಯಲ್ಲಿ ತಮ್ಮನನ್ನು ಹುಡುಕುತ್ತ ಹೊರಟ ಹುಡುಗಿಯ ಕಥೆಯನ್ನು ದುರ್ಗೆ ಮತ್ತು ವಿಷ್ಣು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತ ನಿರೂಪಿಸುತ್ತಾರೆ. ಹೊರದೇಶದ ವಿಮರ್ಶಕರೂ ಅದನ್ನು ಗಮನಿಸಿದರು. ಕನ್ನಡದ ಪುರಾಣ, ಜನಪದ, ಇತಿಹಾಸಗಳಿಂದ ಅಷ್ಟು ದೂರ ಹೋದ ಗೇಮ್ ಇನ್ನೂ ಬರಬೇಕಿದೆ.

ಆಡುವವರ ಲೋಕ

ಆಡುವವರ ವಿಷಯದಲ್ಲಿ ಮಾತ್ರ ಕೊರತೆಯಿಲ್ಲ. ಟಿವಿಗೆ ಸಿಕ್ಕಿಸುವ ಕ್ಯಾಸೆಟ್ಟಿನ ‘ಮಾರಿಯೊ’, ‘ಕಾಂಟ್ರಾ’ಗಳಿಂದ ಒಂದು ತಲೆಮಾರು ಶುರುವಾಯಿತು. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟೆಂದು ಕೊಟ್ಟು ‘ರೋಡ್ ರ‍್ಯಾಶ್’, ‘ವೈಸ್ ಸಿಟಿ’, ‘ಕೌಂಟರ್ ಸ್ಟ್ರೈಕ್’ ಆಡಿದವರು ಎರಡನೆಯವರು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದದ್ದು, 2018ರಲ್ಲಿ ‘ಪಬ್‌ಜಿ ಮೊಬೈಲ್’ ಬಂದದ್ದು ಸೇರಿ ಗೇಮನ್ನು ನೆಟ್‌ವರ್ಕ್ ಸಿಗುವ ಪ್ರತಿ ಗುಡ್ಡದ ತುದಿಗೂ ತಂದವು. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿಯನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಅದೇ ಆಟ ‘ಬಿಜಿಎಂಐ’ ಹೆಸರಿನಲ್ಲಿ ಮರಳಿತು, 2022ರ ಜುಲೈನಲ್ಲಿ ಮತ್ತೆ ಮಾಯವಾಯಿತು, 2023ರ ಮೇನಲ್ಲಿ ಮತ್ತೆ ಬಂತು.

ಈ ಆಟದಲ್ಲಿ ಬರೆದಿಟ್ಟ ಕಥೆ ಇಲ್ಲವೆಂದೇ ಹೇಳಬೇಕು. ನೂರು ಜನ ದ್ವೀಪಕ್ಕೆ ಇಳಿಯುತ್ತಾರೆ, ಜೋನ್ ಕಿರಿದಾಗುತ್ತ ಹೋಗುತ್ತದೆ, ಕೊನೆಗೆ ಉಳಿದವರು ಗೆಲ್ಲುತ್ತಾರೆ. ಆದರೆ ಮಾರನೇ ದಿನ ಕೇಳಿ: ಪೊಚಿಂಕಿಯಲ್ಲಿ ಇಳಿದದ್ದು, ಒಬ್ಬ ನಾಕ್ ಆದದ್ದು, ಸ್ಮೋಕ್ ಹಾಕಿ ರಿವೈವ್ ಮಾಡಿದ್ದು, ಕೊನೆಯವನು ಒಬ್ಬನೇ ನಾಲ್ವರನ್ನು ಹೊಡೆದು ಕ್ಲಚ್ ಮಾಡಿದ್ದು ಎಲ್ಲವೂ ಪ್ರಸಂಗದ ಠೀವಿಯಲ್ಲಿ ಹೊರಬರುತ್ತವೆ. ಕಥೆಯನ್ನು ಬರೆದವರು ಆಟಗಾರರೇ. ರಿಚರ್ಡ್ ಬಾರ್ಟಲ್ 1996ರಲ್ಲಿ ಆಟಗಾರರನ್ನು ನಾಲ್ಕು ಬಗೆ ಮಾಡಿದ್ದರು: ಸಾಧನೆ ಬಯಸುವವರು, ಅಲೆದು ನೋಡುವವರು, ಒಡನಾಟಕ್ಕೆ ಬರುವವರು, ಇನ್ನೊಬ್ಬರನ್ನು ಬಗ್ಗುಬಡಿಯಲು ಬರುವವರು. ಹೋಟೆಲ್ ಕೆಲಸಕ್ಕೆಂದು ಮುಂಬೈಗೋ ಹೈದರಾಬಾದಿಗೋ ಕೊಲ್ಲಿ ದೇಶಕ್ಕೋ ಹೋದ ಕುಂದಾಪುರದ ಹುಡುಗರಲ್ಲಿ ಮೂರನೆಯ ಬಗೆಯವರನ್ನು ಗುರುತಿಸುವುದು ಕಷ್ಟವಲ್ಲ. ಸ್ಕ್ವಾಡ್ ಮೈಕ್ ಆನ್ ಆದೊಡನೆ “ಹ್ವಾಯ್, ಊಟ ಆಯ್ತಾ?” ಎಂದು ಶುರುವಾಗುವ ಮಾತು ಗುಂಡಿನ ಸದ್ದಿನ ನಡುವೆಯೂ ಊರಿನ ಮಳೆ, ಮದುವೆ, ಮೇಳದ ಸುದ್ದಿಗೆ ಹೊರಳುತ್ತದೆ.

ಇದೇ ಮೈಕು ಅಪರಿಚಿತರ ಗುಂಪಿನಲ್ಲಿ ಹೆಣ್ಣಿನ ದನಿ ಕೇಳಿದೊಡನೆ ಹೊಲಸಾಗುವುದೂ ಉಂಟು. ಮೈಕ್ ಆಫ್ ಮಾಡಿಯೋ ಗಂಡಿನ ಹೆಸರಿಟ್ಟುಕೊಂಡೋ ಆಡುವ ಹುಡುಗಿಯರಿದ್ದಾರೆ. 2014ರಲ್ಲಿ ‘ಗೇಮರ್‌ಗೇಟ್’ ಹೆಸರಿನಲ್ಲಿ ಪಶ್ಚಿಮದ ಮಹಿಳಾ ವಿನ್ಯಾಸಕಾರರ, ವಿಮರ್ಶಕರ ಮೇಲೆ ನಡೆದ ದಾಳಿ ಇದರ ದೊಡ್ಡ ರೂಪ. ಆಟಗಾರರ ಸಂಸ್ಕೃತಿಯನ್ನು ಮೆಚ್ಚುವವರು ಈ ಭಾಗವನ್ನು ಹಾರಿಸಿ ಓದುವಂತಿಲ್ಲ.

ದುಡ್ಡು, ಚಟ, ಕಾನೂನು

ಮನೆಯ ಹಿರಿಯರಿಗೆ ಗೇಮ್ ಎಂದರೆ ಮೊದಲು ನೆನಪಾಗುವುದು ಹಾಳಾಗುವ ಹುಡುಗರು. ಭಯ ಪೂರ್ತಿ ಸುಳ್ಳಲ್ಲ, ಆದರೆ ಎರಡು ಬೇರೆ ಸಂಗತಿಗಳನ್ನು ಅದು ಒಂದೇ ಗಂಟು ಕಟ್ಟುತ್ತದೆ. ಕೋಳಿ ಅಂಕದಲ್ಲಿ ಹಣ ಕಟ್ಟುವವನಿಗೂ ಗದ್ದೆಯಲ್ಲಿ ಕ್ರಿಕೆಟ್ ಆಡುವವನಿಗೂ ವ್ಯತ್ಯಾಸ ತಿಳಿದ ಊರು, ಮೊಬೈಲಿನೊಳಗಿನ ರಮ್ಮಿಯನ್ನೂ ಬಿಜಿಎಂಐಯನ್ನೂ ಒಂದೇ ಎಂದುಕೊಂಡಿತು. ಕಾನೂನು ಕೂಡ ತಡವರಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು: ಹಣದ ಆಟ ನಿಷಿದ್ಧ, ಇ–ಸ್ಪೋರ್ಟ್ಸ್ ಮತ್ತು ಸಾಮಾಜಿಕ ಗೇಮುಗಳಿಗೆ ಪ್ರೋತ್ಸಾಹ.

ಚಟದ ಪ್ರಶ್ನೆ ಇದರಿಂದ ತೀರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆಂದು ‘ಶಟ್’ ಕ್ಲಿನಿಕ್ ತೆರೆದಿತ್ತು. ಇಲ್ಲೂ ವಿನ್ಯಾಸದ ಪಾತ್ರವಿದೆ. ದಿನಕ್ಕೊಮ್ಮೆ ಬಂದರೆ ಉಡುಗೊರೆ, ತಪ್ಪಿದರೆ ನಷ್ಟ, ಪೆಟ್ಟಿಗೆ ತೆರೆದರೆ ಸಿಕ್ಕರೂ ಸಿಕ್ಕೀತು ಎಂಬ ಆಸೆ ಇವೆಲ್ಲ ಬೇಕೆಂದೇ ಬರೆದ ನಿಯಮಗಳು. ಹುಡುಗನನ್ನು ಬೈಯುವ ಮೊದಲು ಅವನನ್ನು ಕೂರಿಸಿದ ನಿಯಮವನ್ನು ಗುರುತಿಸಲು ಮನೆಯವರಿಗೆ ಬರಬೇಕು. ಅದಕ್ಕೆ ಗೇಮನ್ನು ಓದಲು ತಿಳಿದಿರಬೇಕು.

ಕನ್ನಡಕ್ಕೆ ಬೇಕಾದದ್ದು

ಹಾಗೆ ಓದುವ ಬರಹವೇ ಕನ್ನಡದಲ್ಲಿ ವಿರಳ. ಸಿನಿಮಾಕ್ಕೆ, ಯಕ್ಷಗಾನಕ್ಕೆ, ಕ್ರಿಕೆಟ್ಟಿಗೆ ನಮ್ಮ ಪತ್ರಿಕೆಗಳಲ್ಲಿ ವಿಮರ್ಶೆಯ ಪರಂಪರೆ ಇದೆ. ಗೇಮಿನ ಸುದ್ದಿ ಬರುವುದು ಹೆಚ್ಚಾಗಿ ನಿಷೇಧ ಅಥವಾ ಸಾವಿನ ಜೊತೆ. ತಾಂತ್ರಿಕ ತೊಡಕೂ ಸಣ್ಣದಲ್ಲ. ಸಣ್ಣ ತಂಡಗಳು ಹೆಚ್ಚು ಬಳಸುವ ಯೂನಿಟಿ ಎಂಜಿನ್ನಿನ ಅಕ್ಷರ ವ್ಯವಸ್ಥೆ ಬಹುಕಾಲ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತಿರಲಿಲ್ಲ. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತು ‘ಅಮ್ಮ’ ‘ಅಮ್‌ಮ’ ಆಗುತ್ತಿತ್ತು. ಕನ್ನಡದಲ್ಲಿ ಸಂಭಾಷಣೆ ಬರೆಯಹೊರಟವನು ಕೊನೆಗೆ ಪಠ್ಯವನ್ನೆಲ್ಲ ಚಿತ್ರವಾಗಿಸಿ ಅಂಟಿಸಬೇಕಿತ್ತು. 2023ರಲ್ಲಿ ಬಂದ ಗೋಡೊ 4 ಎಂಬ ಉಚಿತ ಎಂಜಿನ್ ಈ ಜೋಡಣೆಯನ್ನು ತಾನೇ ಮಾಡುತ್ತದೆ. ದುಡ್ಡಿಲ್ಲದ ನಾಲ್ಕು ಜನ ಗೆಳೆಯರಿಗೆ ಅಷ್ಟರಮಟ್ಟಿಗೆ ನೆವ ಕಡಿಮೆಯಾಗಿದೆ.

ಹಾಗಾಗಿ ದೊಡ್ಡ ಬಂಡವಾಳದ ಪುರಾಣದ ಗೇಮಿಗೆ ಕಾಯುವುದರಲ್ಲಿ ಅರ್ಥವಿಲ್ಲ. ‘ವೆಂಬಾ’ದ ಅಳತೆಯ ಸಣ್ಣ ಆಟ ಸಾಕು: ಎರಡು ಪದ್ಯಗಳ ನಡುವೆ ಎದುರಾಳಿಯ ಪ್ರಶ್ನೆಗೆ ಉತ್ತರಿಸಬೇಕಾದ ಅರ್ಥಧಾರಿಯೊಬ್ಬನ ಆಟ, ಕುಂದಾಪ್ರ ಕನ್ನಡದಲ್ಲಿ ಮಾತಾಡುವ ಪಾತ್ರಗಳು, ಒಂದೆರಡು ಗಂಟೆಯಲ್ಲಿ ಮುಗಿಯುವ ಕಥೆ. ಅದನ್ನು ತಿದ್ದಿ ಹೇಳುವ ವಿಮರ್ಶಕರು ಕೆರಾಡಿಯಲ್ಲೂ ಹಾಲಾಡಿಯಲ್ಲೂ ಈಗಾಗಲೇ ಇದ್ದಾರೆ. ರಾತ್ರಿ ಹನ್ನೆರಡರವರೆಗೆ ಅವರು ವಾದಿಸುವುದು ಅದನ್ನೇ. ಆ ವಾದ ಕನ್ನಡದ ಪುಟಗಳಿಗೆ ಬಂದರೆ, ಕೇಳಿಸಿಕೊಂಡು ನಿಯಮ ಬರೆಯುವವರು ಬೆಂಗಳೂರಿನ ಕಂಪನಿಗಳಲ್ಲೇ ಸಿಗುತ್ತಾರೆ.